ಮೊಬೈಲಿನಲ್ಲಿ ಹಾಡು, ಫೋಟೊ ಮತ್ತು ತಂತಿಯಿಲ್ಲದ ಸಿಂಕ್: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮುಂಗಾರಿನ ಗಾಳಿಗೆ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದರೆ ಕೊಡಗಿನ ತೋಟದ ಮನೆಗಳಲ್ಲಿ ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಮುಗಿಯುವ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಫೋನಿನ ಜೊತೆ ಬರುವ ಸೂಚನೆಗಳಾಗಲಿ, ಬೆಂಗಳೂರಿನಲ್ಲಿರುವ ಮಕ್ಕಳು ಹೇಳಿಕೊಡುವ ಉಪಾಯಗಳಾಗಲಿ, ಇಂಟರ್‌ನೆಟ್ ಯಾವಾಗಲೂ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವುದರಿಂದ ಮಳೆಗಾಲದಲ್ಲಿ ನಮ್ಮ ಉಪಯೋಗಕ್ಕೆ ಬರುವುದು ಕಡಿಮೆ. ನೆಂಟರು, ನೆರೆಯವರು, ಗೋಣಿಕೊಪ್ಪ, ನಾಪೋಕ್ಲು, ಸೋಮವಾರಪೇಟೆ ಕಡೆಯ ಪರಿಚಿತರು ನನ್ನಲ್ಲಿ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ, ಇಂಟರ್‌ನೆಟ್ ಇಲ್ಲದ ದಿನವನ್ನೂ ಲೆಕ್ಕಕ್ಕೆ ಹಿಡಿದು ಉತ್ತರ ಬರೆದಿದ್ದೇನೆ.

ಇಂಟರ್‌ನೆಟ್ ಇಲ್ಲದಿರುವಾಗ ಫೋನಿನ ಫೋಟೊಗಳನ್ನು ವೈ-ಫೈ ಮೂಲಕ ಕಂಪ್ಯೂಟರಿಗೆ ಕಳುಹಿಸಬಹುದೆ?

ಕಳುಹಿಸಬಹುದು. ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದೇ, ಅತಿ ಹೆಚ್ಚು ಗೊಂದಲವೂ ಇಲ್ಲಿಯೇ ಇದೆ. ವೈ-ಫೈ ಮತ್ತು ಇಂಟರ್‌ನೆಟ್ ಒಂದೇ ಅಲ್ಲ. ಮನೆಯ ರೂಟರ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ: ಒಂದು, ಮನೆಯೊಳಗಿನ ಫೋನು, ಕಂಪ್ಯೂಟರು, ಟೀವಿಗಳನ್ನು ಪರಸ್ಪರ ಜೋಡಿಸುವುದು, ಇನ್ನೊಂದು, ಆ ಎಲ್ಲವನ್ನೂ ಹೊರಗಿನ ಲೈನಿಗೆ ಜೋಡಿಸುವುದು. ಮರ ಬಿದ್ದು ಹರಿದುಹೋಗುವುದು ಹೊರಗಿನ ಲೈನು ಮಾತ್ರ. ರೂಟರಿಗೆ ಕರೆಂಟು ಇರುವವರೆಗೆ ಮೊದಲನೆಯ ಕೆಲಸ ನಡೆಯುತ್ತಲೇ ಇರುತ್ತದೆ.

ಇದನ್ನು ಬಳಸಿಕೊಳ್ಳಲು ಒಳಗಿನ ಜಾಲದಲ್ಲಿಯೇ ಫೈಲು ದಾಟಿಸುವ ಆ್ಯಪ್ ಬೇಕು. ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ ಮತ್ತು ಅದಕ್ಕೆ ಖಾತೆ ತೆರೆಯಬೇಕಾಗಿಲ್ಲ. ಎರಡೂ ಸಾಧನಗಳಲ್ಲಿ ಅದನ್ನು ತೆರೆದಿಟ್ಟರೆ ಒಂದರ ಪರದೆಯಲ್ಲಿ ಇನ್ನೊಂದರ ಹೆಸರು ಮೂಡುತ್ತದೆ. ಫೋಟೊಗಳನ್ನು ಆರಿಸಿ ಆ ಹೆಸರನ್ನು ಒತ್ತಿದರೆ ಕೆಲಸ ಮುಗಿಯಿತು. ಸಿಗ್ನಲ್ ಇರುವಾಗಲೇ ಅದನ್ನು ಇಳಿಸಿಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕತ್ತಲಾದ ಮೇಲೆ ಲಾಟೀನಿಗೆ ಸೀಮೆಎಣ್ಣೆ ಹುಡುಕಿ ಪ್ರಯೋಜನವಿಲ್ಲ.

ಫೋನು ಸ್ವಲ್ಪ ತೊಂದರೆ ಕೊಡಬಹುದು. ಈ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಎಚ್ಚರಿಸಿ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುವ ಅಭ್ಯಾಸ ಹಲವು ಫೋನುಗಳಿಗಿದೆ. ಆಗ ವೈ-ಫೈಯಲ್ಲಿಯೇ ಉಳಿಯುವಂತೆ ಆರಿಸಬೇಕು, ಅಥವಾ ಆ ಹೊತ್ತಿಗೆ ಮೊಬೈಲ್ ಡೇಟಾವನ್ನು ನಿಲ್ಲಿಸಿಬಿಡಬೇಕು.

ರೂಟರೇ ಇಲ್ಲದ ಮನೆಯಲ್ಲಿ ಏನು ಮಾಡುವುದು?

ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪನ್ನು ಅಥವಾ ಇನ್ನೊಂದು ಫೋನನ್ನು ಅದಕ್ಕೆ ಸೇರಿಸಿ. ಆಗ ಆ ಫೋನೇ ಒಂದು ಸಣ್ಣ ರೂಟರ್ ಆಗುತ್ತದೆ. ಫೈಲುಗಳು ಈ ಎರಡು ಸಾಧನಗಳ ನಡುವೆ ಮಾತ್ರ ಓಡಾಡುವುದರಿಂದ ನಿಮ್ಮ ಡೇಟಾ ಪ್ಯಾಕಿನಿಂದ ಏನೂ ಕಡಿತವಾಗುವುದಿಲ್ಲ. ಆದರೆ ಲ್ಯಾಪ್‌ಟಾಪಿನ ವಿಂಡೋಸ್ ತನಗೆ ಇಂಟರ್‌ನೆಟ್ ಸಿಕ್ಕಿತೆಂದು ಅಪ್‌ಡೇಟ್ ಇಳಿಸತೊಡಗಿದರೆ ಪ್ಯಾಕು ಅರ್ಧ ಗಂಟೆಯಲ್ಲಿ ಖಾಲಿಯಾಗಬಹುದು. ಆದ್ದರಿಂದ ಹಾಟ್‌ಸ್ಪಾಟ್ ಹಚ್ಚುವ ಮೊದಲು ಮೊಬೈಲ್ ಡೇಟಾವನ್ನು ನಿಲ್ಲಿಸುವುದು ಜಾಣತನ.

ಬ್ಲೂಟೂತ್‌ನಲ್ಲಿಯೇ ಕಳುಹಿಸಿದರೆ ಆಗದೆ?

ನಾಲ್ಕು ಹಾಡುಗಳಿಗೆ ಆಗುತ್ತದೆ, ಮದುವೆಯ ಆಲ್ಬಮಿಗೆ ಆಗುವುದಿಲ್ಲ. ಬ್ಲೂಟೂತ್‌ನಲ್ಲಿ ವಾಸ್ತವವಾಗಿ ಸಿಗುವ ವೇಗ ಸೆಕೆಂಡಿಗೆ ಸುಮಾರು 2 ಮೆಗಾಬಿಟ್; ಆ ಲೆಕ್ಕದಲ್ಲಿ 1 ಜೀಬಿ ದಾಟಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದೇ 1 ಜೀಬಿ ಒಳ್ಳೆಯ ವೈ-ಫೈಯಲ್ಲಿ ಒಂದೆರಡು ನಿಮಿಷದ ಕೆಲಸ. ಆಂಡ್ರಾಯ್ಡ್‌ನ ಕ್ವಿಕ್ ಶೇರ್ ಹಾಗೂ ಆ್ಯಪಲ್‌ನ ಏರ್‌ಡ್ರಾಪ್ ಬ್ಲೂಟೂತ್ ಮೂಲಕ ಎದುರಿನ ಫೋನನ್ನು ಗುರುತಿಸಿ, ದೊಡ್ಡ ಹೊರೆಯನ್ನು ವೈ-ಫೈ ಮೇಲೆ ಹೊರಿಸುತ್ತವೆ. ಇವಕ್ಕೂ ಇಂಟರ್‌ನೆಟ್ ಬೇಕಾಗಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಬ್ಲೂಟೂತ್ ಮೂಲಕ ಫೈಲು ಹೋಗದಿದ್ದರೆ ನಿಮ್ಮ ಫೋನು ಕೆಟ್ಟಿದೆ ಎಂದು ತಿಳಿಯಬೇಡಿ. ಐಫೋನಿನಲ್ಲಿ ಆ ಸೌಲಭ್ಯವೇ ಇಲ್ಲ.

ಸಿಂಕ್ ಮತ್ತು ಬ್ಯಾಕಪ್ ಎರಡೂ ಒಂದೇ ಅಲ್ಲವೆ?

ಅಲ್ಲ. ಸಿಂಕ್ ಕನ್ನಡಿಯಿದ್ದಂತೆ, ಬ್ಯಾಕಪ್ ಪತ್ತಾಯವಿದ್ದಂತೆ. ಕನ್ನಡಿಯ ಮುಂದೆ ನೀವು ಬೊಟ್ಟು ಅಳಿಸಿಕೊಂಡರೆ ಕನ್ನಡಿಯೊಳಗಿನ ಬೊಟ್ಟೂ ಅಳಿಯುತ್ತದೆ. ಪತ್ತಾಯದಲ್ಲಿ ತುಂಬಿಟ್ಟ ಭತ್ತ ಹಾಗಲ್ಲ. ಗದ್ದೆಯಲ್ಲಿ ಏನೇ ಆದರೂ ಅದು ಅಲ್ಲಿಯೇ ಇರುತ್ತದೆ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಒಮ್ಮೆ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವುದನ್ನು ಚಿತ್ರಿಸಲು ಹೊರಟಾಗ ಫೋನಿನಲ್ಲಿ ಜಾಗವಿಲ್ಲ ಎಂಬ ಸೂಚನೆ ಬಂತು. ಹೇಗಿದ್ದರೂ ಎಲ್ಲವೂ ಟ್ಯಾಬ್ಲೆಟ್‌ನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ, ಗದ್ದೆಯ ಬದುವಿನ ಮೇಲೆ ನಿಂತೇ ಹಿಂದಿನ ಎರಡು ವರ್ಷಗಳ ಫೋಟೊಗಳನ್ನು ಅಳಿಸಿದೆ. ಮರುದಿನ ನೋಡಿದರೆ ಟ್ಯಾಬ್ಲೆಟ್‌ನಲ್ಲೂ ಅವು ಇರಲಿಲ್ಲ, ಏಕೆಂದರೆ ಎರಡೂ ಒಂದೇ ಖಾತೆಗೆ ಸಿಂಕ್ ಆಗಿದ್ದವು. ನನ್ನ ಅದೃಷ್ಟಕ್ಕೆ ಗೂಗಲ್ ಫೋಟೋಸ್ ಬ್ಯಾಕಪ್ ಆಗಿರುವ ಚಿತ್ರಗಳನ್ನು ಅಳಿಸಿದ ಮೇಲೂ 60 ದಿನ ಟ್ರ್ಯಾಶ್‌ನಲ್ಲಿ ಇಟ್ಟಿರುತ್ತದೆ. ಅಲ್ಲಿಂದ ಅವನ್ನು ಮರಳಿ ತಂದುಕೊಂಡೆ. ಬ್ಯಾಕಪ್ ಆಗದ ಚಿತ್ರಗಳಿಗೆ ಅಷ್ಟು ಅವಧಿ ಇರುವುದಿಲ್ಲ. ಐಫೋನಿನಲ್ಲಿ ಇತ್ತೀಚೆಗೆ ಅಳಿಸಿದವುಗಳ ಪಟ್ಟಿ ಸಾಮಾನ್ಯವಾಗಿ 30 ದಿನದವರೆಗೆ ಉಳಿಯುತ್ತದೆ.

ಫೋನಿನಲ್ಲಿ ಜಾಗ ಬೇಕಾಗಿದ್ದರೆ ಒಂದೊಂದೇ ಚಿತ್ರ ಹಿಡಿದು ಅಳಿಸುವ ಬದಲು, ಗೂಗಲ್ ಫೋಟೋಸ್‌ನಲ್ಲಿಯೇ ಇರುವ ಜಾಗ ತೆರವು ಮಾಡುವ ಸೌಲಭ್ಯವನ್ನು ಬಳಸಬೇಕು. ಅದು ಖಾತೆಗೆ ಹೋಗಿ ಸೇರಿರುವ ಚಿತ್ರಗಳ ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ, ಖಾತೆಯ ಪ್ರತಿಯನ್ನು ಮುಟ್ಟುವುದಿಲ್ಲ.

ಗೂಗಲ್ ಖಾತೆ ತುಂಬಿದೆ ಎಂದು ದಿನವೂ ಸೂಚನೆ ಬರುತ್ತಿದೆ. ಹಿಂದೆ ಹೀಗಿರಲಿಲ್ಲವಲ್ಲ?

ನಿಮ್ಮ ನೆನಪು ಸರಿಯಾಗಿದೆ. 2015ರಲ್ಲಿ ಗೂಗಲ್ ಫೋಟೋಸ್ ಆರಂಭವಾದಾಗ, ಸ್ವಲ್ಪ ಕುಗ್ಗಿಸಿದ ಗುಣಮಟ್ಟದ ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಆಮೇಲೆ ಸೇರಿಸಿದ ಚಿತ್ರಗಳೆಲ್ಲ 15 ಜೀಬಿಯ ಉಚಿತ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತವೆ, ಮತ್ತು ಆ 15 ಜೀಬಿಯನ್ನು ಜೀಮೇಲ್ ಹಾಗೂ ಡ್ರೈವ್ ಸಹ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಇದರಲ್ಲಿಯೇ ಸೇರುತ್ತದೆ. ಆ್ಯಪಲ್‌ನ ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜೀಬಿ ಮಾತ್ರ.

ಜಾಗವನ್ನು ನುಂಗುವುದು ಫೋಟೊಗಳಿಗಿಂತ ಹೆಚ್ಚಾಗಿ ವಿಡಿಯೊ. ಐಫೋನಿನಲ್ಲಿ ಉತ್ತಮವಾಗಿ ಕುಗ್ಗಿಸುವ ಹೊಸ ವಿಧಾನದಲ್ಲಿ ಚಿತ್ರಿಸಿದರೂ ಒಂದು ನಿಮಿಷದ 1080ಪಿ (ಫುಲ್ ಎಚ್‌ಡಿ) ವಿಡಿಯೊ ಸುಮಾರು 60 ಎಂಬಿ, ಅದೇ ಇನ್ನೂ ಸೂಕ್ಷ್ಮವಾದ 4ಕೆ ಆದರೆ ಸುಮಾರು 170 ಎಂಬಿ ಆಗುತ್ತದೆ. ಬೊಳಕಾಟ, ಉಮ್ಮತ್ತಾಟದಂಥ ಕುಣಿತವನ್ನು ಒಂದು ಗಂಟೆ 4ಕೆಯಲ್ಲಿ ಚಿತ್ರಿಸಿದರೆ 10 ಜೀಬಿ ಆಯಿತು. ನಮ್ಮ ಕಡೆ ಮೇಲಕ್ಕೆ ಕಳುಹಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಳಿದ ದಿನ ಆ 10 ಜೀಬಿ ಹೋಗಿ ಸೇರಲು ಹನ್ನೊಂದು ಗಂಟೆ ಬೇಕು, ಅದೂ ನಡುವೆ ಒಮ್ಮೆಯೂ ಕರೆಂಟು ಹೋಗದಿದ್ದರೆ. ಫೋನಿನ ಅಥವಾ ಟೀವಿಯ ಪರದೆಯಲ್ಲಿ ನೋಡುವ ಮನೆಯ ವಿಡಿಯೊಗಳಿಗೆ 1080ಪಿ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ.

ಫೋಟೊಗಳ ಎಷ್ಟು ಪ್ರತಿಗಳನ್ನು ಇಟ್ಟುಕೊಳ್ಳಬೇಕು?

ಛಾಯಾಗ್ರಾಹಕರಲ್ಲಿ ಮೂರು, ಎರಡು, ಒಂದು ಎಂಬ ಲೆಕ್ಕ ಬಳಕೆಯಲ್ಲಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ಕೊನೆಯ ಒಂದು ಏಕೆ ಎಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟ ಜಾರಿದಾಗ ಮನೆಗಳ ಜೊತೆ ಬೀರುಗಳೂ ಆಲ್ಬಮ್‌ಗಳೂ ಮಣ್ಣಿನಡಿ ಸೇರಿದವು. ಫೋನಿನಲ್ಲಿ ಒಂದು, ಅದೇ ಮನೆಯ ಕಂಪ್ಯೂಟರಿನಲ್ಲಿ ಒಂದು, ಅದರ ಪಕ್ಕದ ಮೇಜಿನ ಖಾನೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಎಂದು ಇಟ್ಟರೆ ಲೆಕ್ಕಕ್ಕೆ ಮೂರಾದರೂ ಅಂಥ ದಿನಕ್ಕೆ ಅದು ಒಂದೇ.

ಕ್ಲೌಡ್‌ಗೆ (ಇಂಟರ್‌ನೆಟ್‌ನಲ್ಲಿ ಸಿಗುವ ಜಾಗಕ್ಕೆ) ಹಣ ಕೊಡಲು ಮನಸ್ಸಿಲ್ಲದವರಿಗೆ ನಾನು ಹೇಳುವ ದಾರಿ ಸರಳ. ಒಂದೇ ಬಗೆಯ ಎರಡು ಹಾರ್ಡ್ ಡಿಸ್ಕ್ ಕೊಂಡು, ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಯಲ್ಲಿ ಇಡಿ. ಕೈಲ್‌ಪೋದ್ ಹಬ್ಬಕ್ಕೋ ಪುತ್ತರಿಗೋ ಅವರು ಊರಿಗೆ ಬರುವಾಗ ಅದನ್ನು ತಂದು, ಹೊಸ ಚಿತ್ರಗಳು ತುಂಬಿರುವ ಮನೆಯ ಡಿಸ್ಕ್ ಒಯ್ಯಲಿ. ವರ್ಷಕ್ಕೆ ಎರಡು ಬಾರಿ ಅದಲುಬದಲಾದರೂ ಕಳೆದ ಬಾರಿಯ ನಂತರದ ಚಿತ್ರಗಳಿಗಿಂತ ಹೆಚ್ಚಿನ ನಷ್ಟವಾಗುವುದಿಲ್ಲ. ಮನೆಯ ಡಿಸ್ಕನ್ನು ಮಳೆಗಾಲದಲ್ಲಿ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಬಟ್ಟೆಯ ನಡುವೆ ಬೀರುವಿನಲ್ಲಿ ಇಟ್ಟರೆ ಬೂಸಲು ಬಟ್ಟೆಗೂ ಬರುತ್ತದೆ, ಡಿಸ್ಕಿನ ಕನೆಕ್ಟರಿಗೂ ಬರುತ್ತದೆ.

ಅಗ್ಗದ ಮೆಮೊರಿ ಕಾರ್ಡ್ ನಂಬಬಹುದೆ?

ಒಂದು ಬಾರಿ ಪೇಟೆಯ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ 128 ಜೀಬಿಯ ಕಾರ್ಡ್ ಸಿಕ್ಕಿತೆಂದು ತಂದೆ. ಫೋನು ಅದನ್ನು 128 ಜೀಬಿ ಎಂದೇ ತೋರಿಸುತ್ತಿತ್ತು. ಆದರೆ ಸುಮಾರು 8 ಜೀಬಿ ತುಂಬಿದ ನಂತರ ಹಾಕಿದ ಪ್ರತಿ ಫೋಟೊವೂ ಹೆಸರಿಗೆ ಮಾತ್ರ ಇತ್ತು, ತೆರೆದರೆ ಬೂದು ಬಣ್ಣದ ಚೌಕ. ನಕಲಿ ಕಾರ್ಡುಗಳು ತಮ್ಮ ಗಾತ್ರದ ಬಗ್ಗೆ ಸುಳ್ಳು ಹೇಳುವಂತೆ ತಿದ್ದಲ್ಪಟ್ಟಿರುತ್ತವೆ. ಹೊಸ ಕಾರ್ಡನ್ನು ಮೊದಲು ಪೂರ್ತಿ ತುಂಬಿಸಿ, ಕೊನೆಯ ಫೈಲುಗಳು ತೆರೆಯುತ್ತವೆಯೇ ಎಂದು ನೋಡಿ, ಆಮೇಲಷ್ಟೇ ಬೇಕಾದದ್ದನ್ನು ಅದರಲ್ಲಿ ಇಡಬೇಕು.

ಹಳೆಯ ಆಲ್ಬಮಿನ ಫೋಟೊಗಳನ್ನು ಫೋನಿನಲ್ಲಿ ಹೇಗೆ ಇಳಿಸಿಕೊಳ್ಳುವುದು?

ನಮ್ಮ ಹಳೆಯ ಆಲ್ಬಮ್‌ಗಳಿಗೆ ದೊಡ್ಡ ಶತ್ರು ಥಂಡಿ. ವರ್ಷಗಟ್ಟಲೆ ತೇವಕ್ಕೆ ಸಿಕ್ಕಿದ ಫೋಟೊ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿರುತ್ತದೆ, ಅದನ್ನು ಎಳೆದರೆ ಬಣ್ಣದ ಪದರವೇ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ. ನಮ್ಮ ಮನೆಯ ಒಂದು ಮದುವೆಯ ಚಿತ್ರದಲ್ಲಿ ವರನ ಬಿಳಿ ಕುಪ್ಯ (ನಿಲುವಂಗಿ) ಹಾಗೂ ಸೊಂಟದ ಕೆಂಪು ಚೇಲೆ ಉಳಿದಿವೆ, ಪೀಚೆಕತ್ತಿ ಇರಬೇಕಾದ ಜಾಗದಲ್ಲಿ ಕಾಗದದ ಬಿಳುಪು ಮಾತ್ರ ಇದೆ; ಅದು ನನ್ನ ಅವಸರದ ಗುರುತು. ಆದ್ದರಿಂದ ಅಂಟಿಕೊಂಡದ್ದನ್ನು ಬಿಡಿಸಲು ಹೋಗದೆ ಪ್ಲಾಸ್ಟಿಕ್ ಮೂಲಕವೇ ಚಿತ್ರ ತೆಗೆಯಿರಿ.

ಆಲ್ಬಮನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ, ಬೆಳಕು ಒಂದು ಬದಿಯಿಂದ ಬೀಳುವಂತೆ ಇಡಬೇಕು. ನೇರ ಬಿಸಿಲು ಬೇಡ. ಮೋಡ ಕವಿದ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಮತ್ತು ಮೋಡಕ್ಕೆ ನಮ್ಮಲ್ಲಿ ಬರವಿಲ್ಲ. ಫ್ಲ್ಯಾಶ್ ನಿಲ್ಲಿಸಿ, ಪ್ಲಾಸ್ಟಿಕ್ ಮೇಲೆ ಕಿಟಕಿಯ ಹೊಳಪು ಕಂಡರೆ ಫೋನನ್ನು ಓರೆ ಮಾಡದೆ ಆಲ್ಬಮನ್ನೇ ತುಸು ತಿರುಗಿಸಿ. ಫೋನು ಫೋಟೊಗೆ ಸಮಾನಾಂತರವಾಗಿರಲಿ. ತೀರ ಹತ್ತಿರ ಹಿಡಿದರೆ ಅಂಚುಗಳು ಬಾಗಿದಂತೆ ಕಾಣುವುದರಿಂದ ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ಮೇಲು. ಫೋಟೊದ ಹಿಂಬದಿಯಲ್ಲಿ ಹೆಸರೋ ತಾರೀಖೋ ಬರೆದಿದ್ದರೆ ಅದರದ್ದೂ ಒಂದು ಚಿತ್ರ ತೆಗೆಯಿರಿ.

ಹೀಗೆ ಇಳಿಸಿಕೊಂಡ ಚಿತ್ರಗಳೆಲ್ಲ ಇವತ್ತಿನ ತಾರೀಖಿನಡಿ ಹೋಗಿ ಕೂರುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರದ ವಿವರ ತೆರೆದು ತಾರೀಖನ್ನು ತಿದ್ದಬಹುದು. ಖಚಿತ ದಿನ ಗೊತ್ತಿಲ್ಲದಿದ್ದರೆ ವರ್ಷವನ್ನಾದರೂ ಸರಿಪಡಿಸಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿದರೆ ಯಾರು ಯಾರ ಮಗ, ಯಾವ ಒಕ್ಕದವರು (ಮನೆತನದವರು) ಎಂಬ ವಿವರಗಳೂ ಆಗಲೇ ಸೇರುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳು ಮಸುಕಾಗಿವೆ, ತಾರೀಖೂ ತಪ್ಪಾಗಿದೆ. ಏಕೆ?

ವಾಟ್ಸ್ಆ್ಯಪ್ ಫೋಟೊವನ್ನು ಕಳುಹಿಸುವಾಗ ಕುಗ್ಗಿಸುತ್ತದೆ. ಜೊತೆಗೆ ಚಿತ್ರದೊಳಗೆ ಅಡಗಿರುವ ತಾರೀಖು, ಸ್ಥಳ, ಕ್ಯಾಮೆರಾದ ವಿವರಗಳನ್ನು ಕಿತ್ತುಹಾಕುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಮಸುಕು ಕಡಿಮೆ, ಆದರೂ ಅದು ಮೂಲ ಚಿತ್ರವಲ್ಲ. ಮೂಲವೇ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸುವಂತೆ ಹೇಳಿ. ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು: ಡಾಕ್ಯುಮೆಂಟ್ ಆಗಿ ಹೋದ ಚಿತ್ರದ ಜೊತೆ ಅದನ್ನು ತೆಗೆದ ಸ್ಥಳದ ಗುರುತೂ ಹೋಗುತ್ತದೆ. ತೋಟದ ಒಂಟಿ ಮನೆಯ ಚಿತ್ರವನ್ನು ಅಪರಿಚಿತರಿಗೆ ಕಳುಹಿಸುವಾಗ ಇದು ನೆನಪಿನಲ್ಲಿರಲಿ.

ಕ್ಯಾಸೆಟ್‌ನಲ್ಲಿರುವ ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತ ಹಾಡುವ ಕೊಡವ ಹಾಡು) ಮತ್ತು ವಾಲಗವನ್ನು ಫೋನಿಗೆ ತರುವುದು ಹೇಗೆ?

ಮೊದಲು ಕ್ಯಾಸೆಟ್ ಅನ್ನು ಬೆಳಕಿಗೆ ಹಿಡಿದು, ಸಣ್ಣ ಕಿಟಕಿಯಲ್ಲಿ ಕಾಣುವ ಟೇಪಿನ ಸುರುಳಿಯ ಅಂಚನ್ನು ನೋಡಿ. ಅಲ್ಲಿ ಬಿಳಿ ಪುಡಿಯಂತೆ ಬೂಸಲು ಕಂಡರೆ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಅಂಟಿದ ಟೇಪು ಹರಿಯುತ್ತದೆ, ಪುಡಿ ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಅಂಥದ್ದನ್ನು ಬೇರೆ ಇಟ್ಟು ತಿಳಿದವರ ಕೈಗೆ ಕೊಡಬೇಕು. ಚೊಕ್ಕವಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿಗೆ ತಂದು, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಅದು ಪೂರ್ತಿ ಒಣಗಿದ ಮೇಲೆ ಕೆಲಸ ಆರಂಭಿಸಬೇಕು.

ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ಕಂಪ್ಯೂಟರಿನ ಲೈನ್ ಇನ್ ತೂತಿಗೆ ಒಂದು ಕೇಬಲ್ ಬೇಕು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಲೈನ್ ಇನ್ ಇರುವುದಿಲ್ಲ, ಅದರ ಮೈಕ್ ತೂತಿಗೆ ಈ ಧ್ವನಿ ತೀರ ಜೋರಾಗುತ್ತದೆ. ಆದ್ದರಿಂದ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಅಡಾಪ್ಟರ್ ಒಂದನ್ನು ಕೊಳ್ಳಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಇಲ್ಲಿ ಬಹಳ ಜನ ತಪ್ಪುವುದು ಧ್ವನಿಯ ಮಟ್ಟವನ್ನು ಹೊಂದಿಸುವಾಗ. ಹಾಡುವವರ ಕಂಠ ಚೆನ್ನಾಗಿ ಕೇಳಬೇಕೆಂದು ಮಟ್ಟ ಏರಿಸಿದರೆ ದುಡಿಯ ಪೆಟ್ಟು ಬಿದ್ದಾಗಲೆಲ್ಲ ಅಲೆ ಮೇಲಿನ ಗೆರೆಗೆ ಬಡಿದು ಚಪ್ಪಟೆಯಾಗುತ್ತದೆ, ಮತ್ತು ಹಾಗೆ ಒಡೆದ ಧ್ವನಿಯನ್ನು ಆಮೇಲೆ ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು. ಕಂಠವನ್ನು ಬಿಟ್ಟು ದುಡಿಯನ್ನು ನೋಡಿ ಮಟ್ಟ ಇಡಿ. ಅತಿ ಜೋರಾದ ಪೆಟ್ಟೂ ಮೈನಸ್ 6 ಡೆಸಿಬೆಲ್ ಸುಮಾರಿಗೆ ನಿಲ್ಲಲಿ.

60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ಓಡುವಷ್ಟೇ ಹೊತ್ತು ಹಿಡಿಯುತ್ತದೆ, ಅವಸರಕ್ಕೆ ಇಲ್ಲಿ ದಾರಿಯಿಲ್ಲ. ಮೂಲ ಪ್ರತಿಯನ್ನು ಕುಗ್ಗಿಸದ ವೇವ್ ರೂಪದಲ್ಲಿ ಉಳಿಸಿ. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿಯಂತೆ ಇಡೀ ಕ್ಯಾಸೆಟ್ಟಿಗೆ 600 ಎಂಬಿ ಆಗುತ್ತದೆ. ಅದರಿಂದ ಹಾಡುಗಳನ್ನು ಬೇರ್ಪಡಿಸಿ ಎಂಪಿ3 ಮಾಡಿಕೊಂಡು ಫೋನಿಗೆ ಕಳುಹಿಸಿ.

ದುಡಿಕೊಟ್ಟ್ ಪಾಟನ್ನು ಎದುರು ಕೂತು ಫೋನಿನಲ್ಲಿ ಮುದ್ರಿಸಿದರೆ ಕಂಠ ಏಳುತ್ತ ಬೀಳುತ್ತ ಕೇಳುವುದೇಕೆ?

ಫೋನು ಮಾತಿಗಾಗಿ ಸಿದ್ಧವಾದದ್ದು. ಜೋರಾದ ಪೆಟ್ಟು ಬಿದ್ದ ಕೂಡಲೇ ತಾನಾಗಿಯೇ ಧ್ವನಿ ಇಳಿಸಿ, ಮತ್ತೆ ನಿಧಾನವಾಗಿ ಏರಿಸುತ್ತದೆ. ಆ ನಡುವೆ ಕಂಠ ಅಡಗಿಹೋಗುತ್ತದೆ. ಎರಡು ಮೂರು ಮೀಟರ್ ದೂರದಲ್ಲಿ, ದುಡಿಗಿಂತ ಹಾಡುವವರ ಮುಖಕ್ಕೆ ಹತ್ತಿರವಾಗಿ ಫೋನು ಇಟ್ಟರೆ ತೊಂದರೆ ಕಡಿಮೆ. ಗದ್ದಲ ತಗ್ಗಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ, ಏಕೆಂದರೆ ಅದರ ಕಿವಿಗೆ ದುಡಿಯೂ ಗದ್ದಲವೇ.

ಹಾಡುಗಳಿಗೆ ಯಾವ ರೂಪ ಒಳ್ಳೆಯದು?

ಕೇಳಲು ಎಂಪಿ3 ಅಥವಾ ಎಎಸಿ ಸಾಕು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ, 320 ಆದರೆ ಸುಮಾರು 2.4 ಎಂಬಿ. ಕಾಪಿಡಲು ಫ್ಲ್ಯಾಕ್ ಒಳ್ಳೆಯದು, ಧ್ವನಿಯಲ್ಲಿ ಏನನ್ನೂ ಕಳೆಯದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಎಂಪಿ3ಯನ್ನು ಫ್ಲ್ಯಾಕ್ ಮಾಡುವುದರಿಂದ ಮಾತ್ರ ಏನೂ ಪ್ರಯೋಜನವಿಲ್ಲ, ಹೋದದ್ದು ಹೋಯಿತು.

ಹಾಡಿನ ಕನ್ನಡ ಹೆಸರುಗಳು ಫೋನಿನಲ್ಲಿ ವಿಚಿತ್ರ ಅಕ್ಷರಗಳಾಗಿ ಕಾಣುತ್ತವೆ. ಏನು ಮಾಡಲಿ?

ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಎಂಬ ವಿವರಗಳು ಎಂಪಿ3 ಫೈಲಿನೊಳಗೇ ಟ್ಯಾಗ್ ಆಗಿ ಇರುತ್ತವೆ. ಎಲ್ಲ ಸಾಧನಗಳಲ್ಲೂ ಕನ್ನಡವನ್ನು ಒಂದೇ ರೀತಿ ಗುರುತಿಸುವ ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ಜೋಡಣೆಯಲ್ಲಿ ಬೆರಳಚ್ಚಿಸಿದ ಹೆಸರುಗಳು ಆಯಾ ಫಾಂಟು ಇರುವಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿದ್ದವು. ಫೋನಿನಲ್ಲಿ ಆ ಫಾಂಟು ಇಲ್ಲದ್ದರಿಂದ ಅವು ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತವೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲಾಗಿ ಕಂಡರೆ ಮೂಲ ಅಕ್ಷರಗಳು ಅಳಿದೇ ಹೋಗಿವೆ ಎಂದರ್ಥ, ಹೊಸದಾಗಿ ಬರೆಯದೆ ಗತ್ಯಂತರವಿಲ್ಲ. ಕಲಸುಮೇಲೋಗರವಾದರೆ ಆ ಅಕ್ಷರಗಳನ್ನು ಆಸ್ಕಿಯಿಂದ (ಆ ಹಳೆಯ ಜೋಡಣೆಯಿಂದ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಸಿಕ್ಕ ಕನ್ನಡವನ್ನು ಎಂಪಿ3ಟ್ಯಾಗ್ ಎಂಬ ತಂತ್ರಾಂಶದಿಂದ ಮರಳಿ ತುಂಬಿಸಬಹುದು. ಕೊಡವ ತಕ್ಕಿನ (ಕೊಡವ ಭಾಷೆಯ) ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಒಂದೇ ರೀತಿ ಬರೆಯಿರಿ. ಒಂದು ಕಡೆ ಪಾಟ್, ಇನ್ನೊಂದು ಕಡೆ ಪಾಟ್ಟ್ ಎಂದಿದ್ದರೆ ಹುಡುಕುವಾಗ ಅರ್ಧ ಹಾಡುಗಳು ಸಿಗುವುದಿಲ್ಲ.

ಐಫೋನನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಇದ್ದ ಹಾಡುಗಳೆಲ್ಲ ಅಳಿಸಿಹೋದವು!

ಐಫೋನಿನ ಹಾಡುಗಳು ಒಂದು ಸಮಯಕ್ಕೆ ಒಂದು ಕಂಪ್ಯೂಟರಿನ ಸಂಗ್ರಹಕ್ಕೆ ಮಾತ್ರ ಸಿಂಕ್ ಆಗುತ್ತವೆ. ಹೊಸ ಕಂಪ್ಯೂಟರಿಗೆ ಸಿಂಕ್ ಮಾಡಿದರೆ, ಫೋನಿನಲ್ಲಿ ಇರುವುದನ್ನು ಅಳಿಸಿ ಹೊಸದನ್ನು ತುಂಬಲೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಓದದೆ ಹೌದು ಎಂದು ಒತ್ತಿರುತ್ತೀರಿ. ಹಳೆಯ ಕಂಪ್ಯೂಟರಿನಲ್ಲಿ ಹಾಡುಗಳು ಇನ್ನೂ ಇದ್ದರೆ ಅಲ್ಲಿಗೇ ಮತ್ತೆ ಸಿಂಕ್ ಮಾಡಿ. ಇದನ್ನು ವೈ-ಫೈ ಮೂಲಕವೂ ಮಾಡಬಹುದು, ಆದರೆ ಮೊದಲ ಬಾರಿ ಕೇಬಲ್ ಹಾಕಿ ಆ ಆಯ್ಕೆಯನ್ನು ಹಚ್ಚಿರಬೇಕು, ಆಮೇಲೆ ಎರಡೂ ಒಂದೇ ವೈ-ಫೈಯಲ್ಲಿರಬೇಕು. ಮ್ಯಾಕ್‌ನಲ್ಲಿ 2019ರಿಂದ ಈ ಕೆಲಸ ಐಟ್ಯೂನ್ಸ್ ಬದಲು ಫೈಂಡರ್‌ನಲ್ಲಿ ನಡೆಯುತ್ತದೆ.

ಈ ರಗಳೆಯೇ ಬೇಡ ಎನ್ನುವವರು ಐಫೋನಿನಲ್ಲಿ ವಿಎಲ್‌ಸಿ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ವೈ-ಫೈ ಹಂಚಿಕೆಯನ್ನು ಹಚ್ಚಿದರೆ ಒಂದು ವಿಳಾಸ ತೋರಿಸುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸ ಬರೆದು ಹಾಡುಗಳನ್ನು ಎಳೆದು ಹಾಕಿದರೆ ಫೋನಿಗೆ ಸೇರುತ್ತವೆ. ಸಿಂಕ್ ಇಲ್ಲ, ಅಳಿಸುವ ಭಯವೂ ಇಲ್ಲ. ನಾನು ಹಲವು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ.

ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಜೀಪಿನಲ್ಲಿ ಕೇಳಬಹುದೆ?

ಆಗುವುದಿಲ್ಲ. ಆ ಫೈಲುಗಳು ಬೀಗ ಹಾಕಿದ ರೂಪದಲ್ಲಿದ್ದು ಅದೇ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತವೆ. 30 ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್‌ನೆಟ್ ಕಾಣದಿದ್ದರೆ ಅವೂ ಹಾಡುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಬಳಸಿದರೆ ಡೇಟಾ ಖರ್ಚಾಗುತ್ತದೆಯೆ?

ಫೋನಿನಲ್ಲೇ ಇರುವ ಹಾಡಾದರೆ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಸ್ಪೀಕರು ಸುಮಾರು ಹತ್ತು ಮೀಟರ್ ದೂರದೊಳಗಿರಬೇಕು. ನಡುವೆ ಗೋಡೆಯೋ ಜನರ ಗುಂಪೋ ಇದ್ದರೆ ಅಷ್ಟೂ ಸಿಗುವುದಿಲ್ಲ, ಏಕೆಂದರೆ ಮನುಷ್ಯರ ಮೈಯಲ್ಲಿರುವ ನೀರು ಆ ತರಂಗಗಳನ್ನು ಹೀರುತ್ತದೆ. ಮದುವೆ ಮನೆಯಲ್ಲಿ ವಾಲಗಕ್ಕೆ ಎಲ್ಲರೂ ಕುಣಿಯಲು ಇಳಿದಾಗಲೇ ಹಾಡು ಕಡಿದು ಕಡಿದು ಬರುವುದು ಈ ಕಾರಣಕ್ಕೆ. ಅಂಥ ಕಡೆ ಫೋನನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಾಡದೆ ಸ್ಪೀಕರಿನ ಪಕ್ಕದಲ್ಲೇ ಇಡಿ, ಇಲ್ಲವೇ ಕೇಬಲ್ ಹಾಕಿ.

ಐನ್‌ಮನೆಯ (ಮನೆತನದ ಹಳೆಯ ಮನೆಯ) ಒಳಕೋಣೆಗಳಿಗೆ ವೈ-ಫೈ ತಲುಪುವುದಿಲ್ಲ. ಹೊಸ ರೂಟರ್ ಕೊಳ್ಳಬೇಕೆ?

ಕೊಳ್ಳುವ ಮೊದಲು ಇರುವುದರ ಜಾಗ ಬದಲಿಸಿ ನೋಡಿ. ಕೇಬಲ್ ಹಾಕಲು ಬಂದವರು ತಮಗೆ ಸುಲಭವೆಂದು ರೂಟರನ್ನು ಕಯ್ಯಾಲೆಯ (ಜಗಲಿಯ) ಮೂಲೆಯಲ್ಲೇ ಬಿಗಿದು ಹೋಗಿರುತ್ತಾರೆ. ಅರ್ಧ ಸಿಗ್ನಲ್ ಅಂಗಳಕ್ಕೂ ಕಾಫಿ ಕಣಕ್ಕೂ ಹೋಗುತ್ತದೆ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳನ್ನು ದಾಟಲು 5 ಗಿಗಾಹರ್ಟ್ಸ್ ತರಂಗಕ್ಕಿಂತ 2.4 ಗಿಗಾಹರ್ಟ್ಸ್ ಸಮರ್ಥ, ವೇಗ ಮಾತ್ರ ಕಡಿಮೆ. ಆದ್ದರಿಂದ ಒಳಕೋಣೆಯಲ್ಲಿ 2.4ಕ್ಕೆ, ರೂಟರಿನ ಎದುರು ಕೂತು ದೊಡ್ಡ ಫೈಲು ಕಳುಹಿಸುವಾಗ 5ಕ್ಕೆ ಸೇರಿಕೊಳ್ಳಿ. ನಡುಮನೆಗೆ ಒಂದು ಕೇಬಲ್ ಎಳೆಸಿ ರೂಟರನ್ನು ಅಲ್ಲಿ ಇಟ್ಟರೆ ಬಹುತೇಕ ಮನೆಗಳಿಗೆ ಅಷ್ಟೇ ಸಾಕಾಗುತ್ತದೆ.

ಫೋನಿನ ಫೋಟೊಗಳನ್ನು ಟೀವಿಯಲ್ಲಿ ತೋರಿಸಲು ಇಂಟರ್‌ನೆಟ್ ಬೇಕೆ?

ಯೂಟ್ಯೂಬ್‌ನಂಥದ್ದನ್ನು ಕಾಸ್ಟ್ ಮಾಡಿದಾಗ ಟೀವಿ ನೇರವಾಗಿ ಇಂಟರ್‌ನೆಟ್‌ನಿಂದಲೇ ವಿಡಿಯೊ ತರಿಸಿಕೊಳ್ಳುತ್ತದೆ, ಫೋನು ಬರೀ ರಿಮೋಟ್. ಫೋನಿನೊಳಗಿನ ಫೋಟೊಗಳಿಗೆ ಪರದೆಯನ್ನೇ ಪ್ರತಿಬಿಂಬಿಸುವ ಮಿರಾಕಾಸ್ಟ್ ಸಾಕು. ಅದು ಫೋನು ಮತ್ತು ಟೀವಿಯ ನಡುವೆ ನೇರವಾಗಿ ನಡೆಯುವುದರಿಂದ ರೂಟರೂ ಬೇಡ. ಬೇರೆ ಬೇರೆ ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರು ಕೊಟ್ಟಿವೆ. ಐಫೋನಿನಲ್ಲಿ ಮಿರಾಕಾಸ್ಟ್ ಇಲ್ಲ, ಏರ್‌ಪ್ಲೇ ಇರುವ ಟೀವಿ ಬೇಕು.

ಮಳೆಯಲ್ಲಿ, ಮಂಜಿನಲ್ಲಿ ಫೋಟೊ ತೆಗೆಯುವಾಗ ಏನನ್ನು ಗಮನಿಸಬೇಕು?

ಮಂಜಿನಲ್ಲಿ ತೆಗೆದ ಚಿತ್ರ ಬೆಳ್ಳಗೆ ಹಬೆ ಮುಚ್ಚಿದಂತೆ ಬಂದರೆ ಹೊರಗಿನ ಮಂಜಿಗಿಂತ ಲೆನ್ಸಿನ ಮೇಲಿನ ತೇವವೇ ಕಾರಣವಾಗಿರುವುದು ಹೆಚ್ಚು. ಹೊರಗಿನ ಚಳಿಯಲ್ಲಿದ್ದ ಫೋನನ್ನು ಒಲೆ ಉರಿಯುವ ಅಡುಗೆಮನೆಗೆ ತಂದ ಕೂಡಲೇ ಗಾಜಿನ ಮೇಲೆ ನೀರಾಡುತ್ತದೆ. ಐದು ಹತ್ತು ನಿಮಿಷ ಬಿಟ್ಟು ಮೆತ್ತಗಿನ ಹತ್ತಿಬಟ್ಟೆಯಲ್ಲಿ ಒರೆಸಿ. ಐಪಿ68 ಎಂದಿರುವ ಫೋನು ಪರೀಕ್ಷೆಯಲ್ಲಿ ನೀರನ್ನು ತಡೆದಿರುತ್ತದೆ ನಿಜ. ಆದರೆ ಆ ತಡೆ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ ಮತ್ತು ನೀರಿನಿಂದ ಆದ ಹಾನಿಗೆ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ನೆನೆದ ಫೋನನ್ನು ಅಕ್ಕಿಯಲ್ಲಿ ಹುದುಗಿಸುವ ಪದ್ಧತಿಯನ್ನು ಬಿಡಿ. ಅಕ್ಕಿಯ ಹುಡಿ ಚಾರ್ಜಿಂಗ್ ತೂತಿನಲ್ಲಿ ಕೂತು ಇನ್ನೊಂದು ರೋಗ ತರುತ್ತದೆ. ತೂತನ್ನು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಟ್ಟು, ಪೂರ್ತಿ ಒಣಗುವವರೆಗೆ ಚಾರ್ಜರ್ ಹಾಕದಿರುವುದೇ ಮದ್ದು.

ಹೂಮಳೆಯ ನಂತರ ಕಾಫಿ ಹೂವು ಅರಳಿದಾಗ ತೆಗೆದ ಚಿತ್ರಗಳಲ್ಲಿ ಹೂವು ಬರೀ ಬಿಳಿ ಮುದ್ದೆಯಾಗಿ ಬರುತ್ತದೆ ಎಂಬ ದೂರೂ ಇದೆ. ಫೋನು ಕಡು ಹಸಿರು ಎಲೆಗಳಿಗೆ ಬೆಳಕು ಹೊಂದಿಸಿ ಹೂವನ್ನು ಸುಟ್ಟುಬಿಡುತ್ತದೆ. ಪರದೆಯ ಮೇಲೆ ಹೂವನ್ನೇ ಒತ್ತಿ, ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಎಸಳುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹೂವು ಮೂರು ನಾಲ್ಕು ದಿನದಲ್ಲಿ ಕಂದುವುದರಿಂದ ಇದನ್ನು ಮೊದಲ ಬೆಳಗ್ಗೆಯೇ ಮಾಡಬೇಕು.

ಕರೆಂಟು ಹೋದಾಗ, ಗುಡುಗು ಬಂದಾಗ ರೂಟರನ್ನು ಏನು ಮಾಡುವುದು?

ಬಹುತೇಕ ರೂಟರ್‌ಗಳು 12 ವೋಲ್ಟಿನಲ್ಲಿ ನಡೆಯುತ್ತವೆ. ಅವಕ್ಕೆಂದೇ ಸಿಗುವ ಅಂಗೈಯಗಲದ ಯುಪಿಎಸ್ ಹಾಕಿದರೆ ಕೆಲವು ಗಂಟೆ ಒಳಗಿನ ಜಾಲ ಜೀವಂತವಿರುತ್ತದೆ; ಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಹಾಗೂ ಆಂಪಿಯರ್ ಓದಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಹಳೆಯ ತಾಮ್ರದ ಟೆಲಿಫೋನ್ ಲೈನು ಇರುವವರು ಆ ತಂತಿಯನ್ನೂ ಕಳಚಬೇಕು, ಸಿಡಿಲು ಅದರಲ್ಲೂ ಒಳಗೆ ಬರುತ್ತದೆ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಅದನ್ನು ಕೀಳಲು ಹೋಗಿ ತುದಿ ಮುರಿದುಕೊಳ್ಳಬೇಡಿ. ಮತ್ತೆ ಜೋಡಿಸಲು ಬರುವವರು ಮಳೆ ನಿಲ್ಲುವವರೆಗೆ ಬರುವುದಿಲ್ಲ.